ಅಡಿಪಾಯ ಅರಿತವರಿಗೆ ಸಂದ ಗೌರವ

ಹಲವಾಗಲಿನವರಿಗೆ, ಹರಪನಹಳ್ಳಿ–ಹಡಗಲಿ ಸೀಮೆಯವರಿಗೆ ಎರೆಮಣ್ಣಿನ ಗುಣ ಹೇಳಿಕೊಡಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಜೋಳಕ್ಕೆ, ಹತ್ತಿಗೆ ಒಗ್ಗುವ ಈ ನೆಲ ಗೋಡೆಗೂ ಕಾಲುವೆಗೂ ಒಗ್ಗದು. ಇಂಥ ನೆಲವನ್ನು ಅರಿಯಲು ಆಯುಷ್ಯ ಸವೆಸಿದವರನ್ನು ಲೋಕ ಹೇಗೆ ಗೌರವಿಸಿತು?

ಮಣ್ಣಿನ ಬಲವನ್ನು ಲೆಕ್ಕಕ್ಕೆ ತಂದು ಶಾಸ್ತ್ರ ಕಟ್ಟಿದವರು ಕಾರ್ಲ್ ಟೆರ್ಜಾಗಿ. ಅವರ ಮುಖ್ಯ ಗ್ರಂಥ 1925ರಲ್ಲಿ ವಿಯೆನ್ನಾದಲ್ಲಿ ಹೊರಬಂತು. ಅವರು ಬದುಕಿರುವಾಗಲೇ, 1960ರಲ್ಲಿ, ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅವರ ಹೆಸರಿನ ಪ್ರಶಸ್ತಿ ಸ್ಥಾಪಿಸಿತು. ಮರುವರ್ಷ ಬ್ರಿಟನ್ನಿನಲ್ಲಿ ಇದೇ ಶಾಸ್ತ್ರದ ರ‍್ಯಾಂಕಿನ್ ಉಪನ್ಯಾಸ ಶುರುವಾಯಿತು. ಮೊದಲ ಉಪನ್ಯಾಸಕ ಆರ್ಥರ್ ಕಾಸಾಗ್ರಾಂಡೆ ಮಾತಾಡಿದ್ದು ಅಣೆಕಟ್ಟೆಗಳ ತಳದಲ್ಲಿ ನೀರು ಜಿನುಗುವುದನ್ನು ತಡೆಯುವ ಬಗ್ಗೆ. ಶಾಲು, ಹಾರದ ಬದಲಿಗೆ ವಿದ್ವಾಂಸರ ಅನುಭವವನ್ನೇ ಹೇಳಿಸಿ ದಾಖಲಿಸುವ ಪದ್ಧತಿ ಇದು.

ನಮ್ಮ ದೇಶದಲ್ಲಿ ಮಣ್ಣು, ಅಡಿಪಾಯ ನೋಡುವ ಭೂತಾಂತ್ರಿಕ ಎಂಜಿನಿಯರುಗಳ ಸಂಘ 1948ರಲ್ಲಿ ಹುಟ್ಟಿತು. ಅದರ ಮೊದಲ ವಾರ್ಷಿಕ ಉಪನ್ಯಾಸದ ಗೌರವ ಸಂದದ್ದು ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರಿಗೆ. ವಿಷಯ ನಮ್ಮ ಎರೆಮಣ್ಣೇ! 1979ರಲ್ಲಿ ಅದು ಅಚ್ಚಾಯಿತು. ಎರೆಯ ಮೇಲೆ ಉಬ್ಬದ, ಆದರೆ ಅಂಟುಳ್ಳ ಮಣ್ಣನ್ನು ಸುಮಾರು 1 ಮೀಟರ್ ದಪ್ಪ ಹಾಸಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬರ ಅಡಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಗಳಲ್ಲಿ ಈ ಉಪಾಯ ಬಳಕೆಗೆ ಬಂತು. ಎರೆ ನೆಲದ ಕಾಲುವೆಗಳಿಗೆ ಭಾರತೀಯ ಮಾನಕ ಸಂಸ್ಥೆ ರೂಪಿಸಿದ ನಿಯಮಾವಳಿಗೂ ಅದು ಸೇರಿತು.

ಇತ್ತ ಎರೆ ಉಬ್ಬುವುದೇಕೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎ. ಶ್ರೀಧರನ್ ಜೇಡಿಯ ಒಳಗನ್ನೇ ಕೆದಕಿದರು. ಒಂದೇ ನೀರಿಗೆ ಒಂದು ಜೇಡಿ ಉಬ್ಬುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಅದು ಒಳಗಿನ ಖನಿಜದ ಗುಣ. ಮಾಂಟ್‌ಮೊರಿಲೊನೈಟ್ ಹೆಚ್ಚಿದ್ದಲ್ಲಿ ಪದರಗಳ ನಡುವೆ ನೀರು ನುಗ್ಗಿ ಮಣ್ಣು ಹಿಗ್ಗುತ್ತದೆ. ಇದನ್ನು ಪರೀಕ್ಷಿಸಿ ಗುರುತಿಸುವ ಸರಳ ಕ್ರಮವನ್ನು ಅವರು ಮೈಸೂರಿನ ಪ್ರೊಫೆಸರ್ ಕೆ. ಪ್ರಕಾಶ್ ಜೊತೆ ರೂಪಿಸಿದರು.

ಕಟ್ಟಡ ಎದ್ದ ಮೇಲೆ ಕಲಶ ಎಲ್ಲರಿಗೂ ಕಾಣುತ್ತದೆ, ಅಡಿಪಾಯ ಕಾಣದು. ಆದ್ದರಿಂದ ಇವರಿಗೆ ನಾವು ಸಲ್ಲಿಸಬಹುದಾದ ಗೌರವ ಒಂದೇ: ಮನೆಯಾಗಲಿ, ಶಾಲೆಯಾಗಲಿ, ಎರೆ ನೆಲದಲ್ಲಿ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.