ಜರಡಿ ಮತ್ತು ಮೊರ



ನಮ್ಮ ಮನೆಯ ಅಡುಗೆಕೋಣೆಯಲ್ಲಿ ಜರಡಿಯೂ ಇದೆ, ಮೊರವೂ ಇದೆ. ಜರಡಿಗೆ ತಿಳಿದಿರುವುದು ಗಾತ್ರವೊಂದೇ. ತನ್ನ ತೂತಿಗಿಂತ ದಪ್ಪನಾದುದನ್ನು ಅದು ಮೇಲೆ ನಿಲ್ಲಿಸುತ್ತದೆ, ಸಣ್ಣದನ್ನು ಕೆಳಗೆ ಬಿಡುತ್ತದೆ. ಮೊರದ ಮಾತು ಬೇರೆ. ಅದರ ಜೊತೆಗೆ ಕೇರುವವರ ಕೈಯೂ ಕಣ್ಣೂ ಇರಬೇಕು. ಈ ವ್ಯತ್ಯಾಸ ನನ್ನ ಮನಸ್ಸಿಗೆ ನಾಟಿದ್ದು ಅಡುಗೆಕೋಣೆಯಲ್ಲಲ್ಲ, ಕಂಪ್ಯೂಟರಿನ ಮುಂದೆ. ಆ ಪ್ರಸಂಗವನ್ನು ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮೈಸೂರಿನ ನಮ್ಮ ಮನೆಯಲ್ಲಿರುವವರು ನಾನು, ನನ್ನ ಹೆಂಡತಿ, ಹದಿಮೂರು ವರ್ಷದ ಮೊಮ್ಮಗಳು. ಮಗ ಸೊಸೆ ಉದ್ಯೋಗದ ನಿಮಿತ್ತ ಹೊರದೇಶದಲ್ಲಿದ್ದಾರೆ. ಹೊರಡುವ ಮುನ್ನ ಮಗ, ಹುಡುಗಿಯ ಓದಿಗೆಂದು ತಂದ ಕಂಪ್ಯೂಟರಿಗೆ ಒಂದು ಕಾವಲನ್ನು ಇರಿಸಿದ. ಅದರ ಹೆಸರು ಫಿಲ್ಟರ್. ಅಂತರ್ಜಾಲದಲ್ಲಿ ಮಕ್ಕಳು ನೋಡಬಾರದ ಪುಟಗಳನ್ನು ತಡೆಯುವುದು ಅದರ ಕೆಲಸ. "ಅಪ್ಪ, ಅತ್ಯಂತ ಬಿಗಿಯಾದ ಮಟ್ಟಕ್ಕೆ ಇಟ್ಟಿದ್ದೇನೆ. ನೀವು ನಿಶ್ಚಿಂತರಾಗಿರಿ" ಎಂದ. ನಾನು ನಿಶ್ಚಿಂತನಾದೆ. ನನ್ನ ಮೊದಲ ತಪ್ಪು ಅದೇ.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ವೈದ್ಯರು ಅದರ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಗೆ ಹತ್ತು ದಿನ ಕಾಯಬೇಕಾಗಿತ್ತು. ಮನೆಯಲ್ಲಿ ಪಿಸುಮಾತು ಆರಂಭವಾಯಿತು. ಮೊಮ್ಮಗಳು ಕೋಣೆಗೆ ಬಂದರೆ ನಾವು ಮಾತು ಮುರಿದು ಹಾಲಿನ ಲೆಕ್ಕ ತೆಗೆಯುತ್ತಿದ್ದೆವು. ನಡುವೆ ಒಂದು ರಾತ್ರಿ ಆ ಹುಡುಗಿ ಅಜ್ಜಿಯ ಸೆರಗು ಹಿಡಿದು, "ನೀನು ಆಪರೇಷನ್ ಮಾಡಿಸಿಕೊಳ್ಳಬೇಡ ಅಜ್ಜಿ" ಎಂದು ಅತ್ತಳು. ಆಪರೇಷನ್ನಿನ ಮಾತನ್ನು ಅವಳ ಮುಂದೆ ಯಾರೂ ಎತ್ತಿರಲಿಲ್ಲ. ನಮಗೆ ಏನೂ ಅರ್ಥವಾಗಲಿಲ್ಲ.

ಮರುದಿನ ಅವಳೇ ಬಂದು, "ತಾತ, ಕಂಪ್ಯೂಟರ್ ಕೆಟ್ಟಿದೆ. ಕೆಲವು ಪುಟ ತೆರೆಯುವುದೇ ಇಲ್ಲ" ಎಂದಳು. ಯಾವ ಪುಟವೆಂದು ಕೇಳಿದರೆ, "ಯಾವುದೋ" ಎಂದು ನೆಲ ನೋಡಿದಳು. ಮಗನಿಗೆ ಫೋನು ಮಾಡಿದೆ. ಫಿಲ್ಟರು ತಾನು ತಡೆದದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತದೆಯಂತೆ. ಅದನ್ನು ತೆರೆಯುವ ಬಗೆಯನ್ನು ಹೇಳಿಕೊಟ್ಟ. ಆ ಪಟ್ಟಿಯಲ್ಲಿದ್ದುದು ಇಷ್ಟು: ಸ್ತನದ ಗಂಟು, ಸ್ತನದ ಕ್ಯಾನ್ಸರ್, ಅಜ್ಜಿಗೆ ಸ್ತನದಲ್ಲಿ ಗಂಟಾದರೆ ಏನಾಗುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ, ಒಂದೊಂದರ ಮುಂದೆಯೂ 'ಅಶ್ಲೀಲ' ಎಂಬರ್ಥದ ಷರಾ. ಮಗು ನಾಲ್ಕು ಸಂಜೆ ಒಬ್ಬಳೇ ಕುಳಿತು ಕೇಳಿದ ಪ್ರಶ್ನೆಗೆ, 'ನೀನು ಕೇಳಬಾರದ್ದನ್ನು ಕೇಳಿದೆ' ಎಂಬ ಉತ್ತರ ನಮ್ಮ ಮನೆಯ ಯಂತ್ರದಿಂದಲೇ ಬಂದಿತ್ತು. ಪಟ್ಟಿಯನ್ನು ಓದಿ ಹೇಳಿದಾಗ ಮಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಇದು ಹಳೆಯ ವ್ಯಾಧಿ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಎಂಬ ಊರಿನವರು ಎ.ಓ.ಎಲ್. ಸಂಸ್ಥೆಯಲ್ಲಿ ಖಾತೆ ತೆರೆಯಹೋದರೆ ಸಾಧ್ಯವಾಗಲಿಲ್ಲ. ಊರಿನ ಹೆಸರಿನ ನಡುವೆ ಒಂದು ಅಸಭ್ಯ ಪದದ ಅಕ್ಷರಗಳು ಅಡಗಿದ್ದುವು. ಆ ಸಂಸ್ಥೆಯ ಜರಡಿ ಅಷ್ಟನ್ನು ಮಾತ್ರ ಕಂಡಿತು. 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವಂತೂ ನಮ್ಮ ಮನೆಗೇ ಬರೆದಂತಿದೆ. ಫಿಲ್ಟರುಗಳನ್ನು ಸಡಿಲವಾದ ಮಟ್ಟದಲ್ಲಿಟ್ಟಾಗ ಅವು ಅಶ್ಲೀಲ ತಾಣಗಳಲ್ಲಿ ನೂರಕ್ಕೆ 87ನ್ನು ತಡೆದುವು. ಆರೋಗ್ಯದ ತಾಣಗಳಲ್ಲಿ ತಡೆದದ್ದು ನೂರಕ್ಕೆ 1.4 ಮಾತ್ರ. ಅತ್ಯಂತ ಬಿಗಿಮಾಡಿದಾಗ ಅಶ್ಲೀಲದ ತಡೆ 91ಕ್ಕೆ ಏರಿತು, ಆರೋಗ್ಯದ ತಡೆ 24ಕ್ಕೆ ಏರಿತು. ನಾಲ್ಕು ಕಲ್ಲು ಹೆಚ್ಚಾಗಿ ಆರಿಸಲು ಹೋಗಿ ಕಾಲುಪಾಲು ಅಕ್ಕಿಯನ್ನು ಚೆಲ್ಲಿದ ಹಾಗಾಯಿತಲ್ಲವೆ?

ಕನ್ನಡದ ಮೇಷ್ಟರಾದ ನನಗೆ ಇನ್ನೊಂದು ಪಾಠವೂ ಕಾದಿತ್ತು. ಇಂಗ್ಲಿಷಿನಲ್ಲಿ ಬಾಗಿಲು ಮುಚ್ಚಿದಾಗ ಹುಡುಗಿ ಕನ್ನಡದಲ್ಲಿ ಹುಡುಕಿದ್ದಾಳೆ. ನಮ್ಮ ಫಿಲ್ಟರಿಗೆ ಕನ್ನಡ ಬಾರದು. ಆದ್ದರಿಂದ ಏನನ್ನೂ ತಡೆಯಲಿಲ್ಲ. ಎದುರಿಗೆ ಬಂದದ್ದು ಒಂದು ಲೇಹ್ಯದ ಜಾಹೀರಾತು. ಇಪ್ಪತ್ತೊಂದು ದಿನಗಳಲ್ಲಿ ಗಂಟು ಕರಗುತ್ತದೆಂದೂ, ಆಪರೇಷನ್ ಮಾಡಿಸಿದರೆ ರೋಗ ಮೈಯೆಲ್ಲ ಹರಡುತ್ತದೆಂದೂ ಅದರಲ್ಲಿತ್ತು. ಆ ರಾತ್ರಿಯ ಅಳುವಿಗೆ ಕಾರಣ ಆಗ ತಿಳಿಯಿತು. ಅದರಲ್ಲಿ ಅಸಭ್ಯವಾದ ಪದ ಒಂದೂ ಇರಲಿಲ್ಲ, ನಿಜವೂ ಇರಲಿಲ್ಲ. ಜರಡಿ ಪದವನ್ನು ನೋಡುತ್ತದೆ, ಸುಳ್ಳನ್ನು ನೋಡಲಾರದು.

ಇನ್ನು ದುರಸ್ತಿಯ ಮಾತು. ಮಗ ಎರಡು ನಿಯಮ ಹೇಳಿದ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು; ಮಾಡಿದ್ದನ್ನು ಬರೆದಿಡುವುದು. ಹುಡುಗಿಯ ಕೈಗೆ ನೋಟುಪುಸ್ತಕ ಕೊಟ್ಟೆ. ಮೊದಲು, ನಿಷಿದ್ಧ ಪದಗಳ ಪಟ್ಟಿಯಿಂದ ಆ ಪದವನ್ನು ತೆಗೆದೆವು. ಹುಡುಕಾಟವೇನೋ ನಡೆಯಿತು, ಆದರೆ ಒಂದು ಆಸ್ಪತ್ರೆಯ ತಾಣವನ್ನು ತೆರೆಯಹೋದರೆ ಮತ್ತೆ ಬಾಗಿಲು ಮುಚ್ಚಿತ್ತು. ಆಗ ಮಗನ ಸೂಚನೆಯಂತೆ ನನ್ನ ಫೋನಿನ ವೈಫೈ ಆರಿಸಿ, ಸಿಮ್ಮಿನ ಸಂಪರ್ಕದಲ್ಲಿ ಅದೇ ತಾಣವನ್ನು ಪ್ರಯತ್ನಿಸಿದೆ. ತೆರೆಯಿತು. ವೈಫೈ ಹಾಕಿದೆ. ಮುಚ್ಚಿತು. ಅಂದರೆ ತಾಣದಲ್ಲಿ ದೋಷವಿಲ್ಲ. ಕಂಪ್ಯೂಟರಿನಾಚೆಗೆ, ಮನೆಗೆಲ್ಲ ಸಂಪರ್ಕ ಹಂಚುವ ರೂಟರಿನಲ್ಲಿ ಎರಡನೆಯ ಜರಡಿಯೊಂದಿದೆ. ಅದನ್ನು ತಾನೇ ಹಾಕಿದ್ದು ಮಗನಿಗೆ ಮರೆತುಹೋಗಿತ್ತು.

ಈ ಎರಡನೆಯ ಜರಡಿಯ ರೀತಿ ಬೇರೆ. ತಾಣದ ಹೆಸರನ್ನು ಕೇಳಿ ಅದರ ಅಂಕಿಗಳ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೊಂದುಂಟು, ಅದನ್ನು ಡಿ.ಎನ್.ಎಸ್. ಎನ್ನುತ್ತಾರೆ. ಬೇಡವಾದ ವರ್ಗಕ್ಕೆ ಸೇರಿದ ಹೆಸರು ಬಂದರೆ ಈ ಜರಡಿ, 'ಅಂಥ ವಿಳಾಸವೇ ಇಲ್ಲ' ಎಂದುಬಿಡುತ್ತದೆ. ಈಗ ಬಹುಪಾಲು ತಾಣಗಳ ಪುಟಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಒಳಗಿನ ಬರಹ ಅದಕ್ಕೆ ಕಾಣದು, ಹೆಸರಷ್ಟೇ ಕಾಣುತ್ತದೆ. ಆದಕಾರಣ ಒಂದು ಹೆಸರನ್ನು ತಪ್ಪು ವರ್ಗಕ್ಕೆ ಸೇರಿಸಿದರೆ ಆ ತಾಣದ ಪುಟಗಳೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ. ರೂಟರಿನ ಬಿಗಿಯನ್ನು ನಡುಮಟ್ಟಕ್ಕೆ ಇಳಿಸಿದೆವು. ಆದರೂ ತೆರೆಯಲಿಲ್ಲ! ಹಿಂದೆ ಬಂದ ಉತ್ತರವನ್ನು ಕಂಪ್ಯೂಟರು ಕೆಲವು ಹೊತ್ತು ನೆನಪಿಟ್ಟುಕೊಂಡು ಅದನ್ನೇ ಒಪ್ಪಿಸುತ್ತದೆಯಂತೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದ ಮೇಲೆ ತಾಣ ತೆರೆಯಿತು.

ಇದಕ್ಕೆ ವಿರುದ್ಧವಾದ ದೂರನ್ನೂ ಮಿತ್ರರಿಂದ ಕೇಳಿದ್ದೇನೆ: ಫಿಲ್ಟರು ಇದೆ, ಏನನ್ನೂ ತಡೆಯುವುದಿಲ್ಲ ಎಂದು. ಇಂದಿನ ಬ್ರೌಸರುಗಳು ರೂಟರಿಗೆ ತಿಳಿಸದೆ, ಗುಟ್ಟಾಗಿ ಬೇರೆ ಕಡೆಯಿಂದ ವಿಳಾಸ ಕೇಳಿ ಪಡೆಯಬಲ್ಲವು. ಆಗ ರೂಟರಿನ ಜರಡಿ ಗೋಡೆಯ ಮೊಳೆಗೆ ತೂಗುಹಾಕಿದ ಜರಡಿಯಂತೆಯೇ. ಬ್ರೌಸರಿನಲ್ಲಿ ಆ ಏರ್ಪಾಡನ್ನು ನಿಲ್ಲಿಸಿ ನೋಡಬೇಕು.

ಸರಿ, ಪುಟ ತೆರೆಯಿತು. ಎದೆಯಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂದು ಮೊದಲಲ್ಲೇ ಬರೆದಿತ್ತು. ಕ್ಯಾನ್ಸರೇ ಆಗಿದ್ದರೂ ಬೇಗ ತಿಳಿದಷ್ಟೂ ಚಿಕಿತ್ಸೆಗೆ ಅನುಕೂಲವೆಂದು ಅದರ ಕೆಳಗಿತ್ತು. ಮೊಮ್ಮಗಳು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳತೊಡಗಿದಳು. 'ಸ್ತನ' ಎನ್ನಬೇಕಾದಲ್ಲಿ ತಡೆದು ನನ್ನ ಮುಖ ನೋಡಿದಳು. ನಮ್ಮ ಹಳಗನ್ನಡದ ಕವಿಗಳು 'ಮೊಲೆ' ಎಂದು ಸಂಕೋಚವಿಲ್ಲದೆ ಬರೆದಿದ್ದಾರೆ. ಮೂವತ್ತು ವರ್ಷ ಆ ಪದ ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲಿಗೆ ಹೋದವನು ನಾನು. ಫಿಲ್ಟರನ್ನು ಬೈಯುವ ಹಕ್ಕು ನನಗೆಷ್ಟಿದೆಯೆಂದು ಆಗ ಅನಿಸಿತು. "ಹೇಳು ಮಗು, ಅದು ಮೈಯ ಒಂದು ಭಾಗದ ಹೆಸರು" ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಒಳಗೆ ಬಂದು ಕುಳಿತು, "ಸ್ವಲ್ಪ ಗಟ್ಟಿಯಾಗಿ ಓದೇ, ನನಗೂ ಕೇಳಲಿ" ಎಂದಳು.

ಆರನೆಯ ದಿನ ವರದಿ ಬಂದಿತು. ಕ್ಯಾನ್ಸರೇ ಆಗಿತ್ತು, ಆರಂಭದ ಹಂತ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಅದೇ ನೋಟುಪುಸ್ತಕದಲ್ಲಿ ಹುಡುಗಿ ಬರೆದುಕೊಟ್ಟಿದ್ದಳು. ಆಪರೇಷನ್ ಆಗಿ ಚಿಕಿತ್ಸೆ ಮುಗಿದಿದೆ. ಈ ಮಾತುಗಳನ್ನು ನಿಮ್ಮ ಮುಂದೆ ಆಡಲು ಅಪ್ಪಣೆ ಕೊಟ್ಟವಳು ನನ್ನ ಹೆಂಡತಿಯೇ.

ಫಿಲ್ಟರನ್ನು ನಾವು ತೆಗೆದುಹಾಕಿಲ್ಲ. ಅಂತರ್ಜಾಲದಲ್ಲಿ ಕಲ್ಲುಂಟು, ಜರಡಿ ಬೇಕು. ಆದರೆ ಅದರ ಬಿಗಿ ಈಗ ನಡುಮಟ್ಟದಲ್ಲಿದೆ. ಯಾವುದಾದರೂ ಪುಟ ಮುಚ್ಚಿದರೆ ಹುಡುಗಿ ನೆಲ ನೋಡುವುದಿಲ್ಲ, "ತಾತ, ಇದು ಯಾಕೆ ಮುಚ್ಚಿತು?" ಎಂದು ಕರೆಯುತ್ತಾಳೆ. ಇಬ್ಬರೂ ಕುಳಿತು ನೋಡುತ್ತೇವೆ. ಕೆಲವೊಮ್ಮೆ ಜರಡಿ ಮಾಡಿದ್ದು ಸರಿಯಾಗಿರುತ್ತದೆ. ಇಲ್ಲವಾದರೆ ನೋಟುಪುಸ್ತಕ ತೆಗೆಯುತ್ತೇವೆ.