ಕತ್ತರಿಸಿ ತೆಗೆದ ಗಡ್ಡೆ ಎಲ್ಲಿಗೆ ಹೋಗುತ್ತದೆ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹೆಚ್ಚಿನವರು ಏಳನೆಯ ತರಗತಿ ದಾಟಿದವರಲ್ಲ. ಕಪ್ಪು-ಬಸಿ ತೊಳೆದು, ಟೇಬಲು ಒರೆಸಿ, ಆಮೇಲೆ ಸಪ್ಲೈಗೆ ಬಂದವರು. ಇಂಥವರ ಬಾಯಲ್ಲಿ ವಿಜ್ಞಾನದ ಮಾತೇಕೆ ಎಂದು ಕೆಲವರು ನಗಬಹುದು. ನಗಲಿ. ಕ್ಯಾನ್ಸರ್ ರೋಗ ಯಾರ ಸರ್ಟಿಫಿಕೇಟನ್ನೂ ಕೇಳಿ ಬರುವುದಿಲ್ಲ.

ರೋಗಿಗಳ ಜೊತೆ ಆಸ್ಪತ್ರೆಗೆ ಹೋಗಿ ಬರುವ ಕೆಲಸ ನಮ್ಮ ಪಾಲಿಗೆ ಬಂದ ಮೇಲೆ ಒಂದು ಕಾಗದ ಮತ್ತೆ ಮತ್ತೆ ಎದುರಾಗುತ್ತಿದೆ. ಆಪರೇಷನ್ನಿನ ಒಪ್ಪಿಗೆ ಪತ್ರ ಬೇರೆ, ಇದು ಬೇರೆ. ತೆಗೆದ ಗಡ್ಡೆಯಲ್ಲಿ ಪರೀಕ್ಷೆ ಮಾಡಿ ಉಳಿದದ್ದನ್ನು ಸಂಶೋಧನೆಗಾಗಿ ಇಟ್ಟುಕೊಳ್ಳಬಹುದೇ ಎಂದು ಅದು ಕೇಳುತ್ತದೆ. ಇದನ್ನು ಕಂಡೊಡನೆ ನಮ್ಮವರು ಹಿಂಜರಿಯುತ್ತಾರೆ. "ಮಾಂಸ ಮಾರುತ್ತಾರಂತೆ" ಎಂದು ಒಬ್ಬ, "ಕಿಡ್ನಿಯನ್ನೂ ತೆಗೆಯುತ್ತಾರಂತೆ" ಎಂದು ಇನ್ನೊಬ್ಬ. ಈ ಅಂಜಿಕೆಯನ್ನು ನಾವು ತಮಾಷೆ ಮಾಡುವುದಿಲ್ಲ. ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದುಕೊಂಡ ಮನೆಗಳಿಂದ ಬಂದವರು ನಾವು. ಪಗಾರದ ಪುಸ್ತಕದಲ್ಲಿ ಒಂದು ಅಂಕಿ, ಕೈಗೆ ಬಂದದ್ದು ಇನ್ನೊಂದು. ಸಹಿ ಮಾತ್ರ ನಮ್ಮದೇ. ಕಾಗದವೆಂದರೆ ಮೈ ನಡುಗುವುದು ಸಹಜ.

ಆದರೆ ಅಂಜಿಕೆಯಿಂದ ಬೇಡವೆನ್ನುವುದು ಬೇರೆ, ತಿಳಿದು ಬೇಡವೆನ್ನುವುದು ಬೇರೆ. ಆದುದರಿಂದ ತಿಳಿದುಕೊಳ್ಳೋಣ.

ಟಿಶ್ಯೂ ಎಂದರೆ ಹೋಟೆಲಿನವರಾದ ನಮಗೆ ಕೈ ಒರೆಸುವ ಕಾಗದ. ಡಾಕ್ಟರರ ಭಾಷೆಯಲ್ಲಿ ಅದು ದೇಹದ ಅಂಗಾಂಶ: ಚರ್ಮ, ಮಾಂಸ, ವಸಡು, ಗಡ್ಡೆ, ಎಲ್ಲವೂ. ಅಂಗಾಂಶಗಳನ್ನು ಜೋಪಾನವಾಗಿಟ್ಟು ಸಂಶೋಧಕರಿಗೆ ಒದಗಿಸುವ ಸ್ಥಳವೇ ಟಿಶ್ಯೂ ಬ್ಯಾಂಕು. ಅದಕ್ಕಾಗಿ ಯಾರ ದೇಹವನ್ನೂ ಹೆಚ್ಚಾಗಿ ಕೊಯ್ಯುವುದಿಲ್ಲ. ರೋಗ ವಾಸಿಯಾಗಲೆಂದು ಹೇಗೂ ತೆಗೆದ ಗಡ್ಡೆ ಮೊದಲು ಪೆಥಾಲಜಿ ಡಾಕ್ಟರರ ಮೇಜಿಗೆ ಹೋಗುತ್ತದೆ. ರೋಗಿಯ ಪರೀಕ್ಷೆಗೆ ಬೇಕಾದಷ್ಟನ್ನು ಅವರು ಮೊದಲು ಎತ್ತಿಡುತ್ತಾರೆ. ಉಳಿದದ್ದು ಮಾತ್ರ ಬ್ಯಾಂಕಿಗೆ. ಅದೂ ಅವಸರದಲ್ಲಿ ಹೋಗಬೇಕು. ರುಬ್ಬಿದ ಹಿಟ್ಟು ಸೆಕೆಯಲ್ಲಿ ಗಂಟೆಗಂಟೆಗೂ ಹುಳಿಯೇರುವಂತೆ, ದೇಹದಿಂದ ಬೇರೆಯಾದ ಚೂರೂ ಒಳಗೊಳಗೇ ಕೆಡತೊಡಗುತ್ತದೆ. ಅದಕ್ಕೆ ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಅದ್ದಿ ಕಲ್ಲಿನಂತೆ ಮಾಡಿ, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ, ಅಥವಾ ಅದಕ್ಕೂ ತಣ್ಣಗೆ, ಇಡುತ್ತಾರೆ. ಕೆಲವು ಚೂರುಗಳನ್ನು ಔಷಧದಲ್ಲಿ ನೆನೆಸಿ ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಗಡ್ಡೆಯ ಪಕ್ಕದ ಆರೋಗ್ಯವಂತ ಭಾಗದ ಚೂರು, ಸ್ವಲ್ಪ ರಕ್ತ, ಇವನ್ನೂ ಇಡುವುದುಂಟು. ಕೆಟ್ಟದ್ದೆಲ್ಲಿ ಕೆಟ್ಟಿತೆಂದು ತಿಳಿಯಲು ಒಳ್ಳೆಯದೂ ಪಕ್ಕದಲ್ಲಿರಬೇಕಲ್ಲ!

ಡಬ್ಬಿಯ ಮೇಲೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಆ ನಂಬರಿಗೆ ಸೇರಿದಂತೆ ವಯಸ್ಸು, ತಂಬಾಕಿನ ಅಭ್ಯಾಸ, ಕೊಟ್ಟ ಔಷಧ, ಮುಂದೆ ರೋಗಿ ಏನಾದರು, ಎಲ್ಲವೂ ದಾಖಲೆಯಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬ್ಯಾಂಕಿನ ನಿಜವಾದ ಠೇವಣಿ ಈ ದಾಖಲೆಯೇ. ಬರೀ ಮಾಂಸದ ಚೂರು ಏನನ್ನೂ ಹೇಳುವುದಿಲ್ಲ.

ಇದರಿಂದ ಪ್ರಯೋಜನವೇನಾಯಿತು ಎಂದು ಕೇಳುತ್ತೀರಿ. ಅಮೇರಿಕದ ಟೆಕ್ಸಾಸಿನಲ್ಲಿ ಮ್ಯಾಕ್‌ಗ್ವಾಯರ್ ಎಂಬ ಡಾಕ್ಟರರು ಸ್ತನ ಕ್ಯಾನ್ಸರಿನ ಗಡ್ಡೆಗಳನ್ನು ದಾಖಲೆಗಳೊಡನೆ ಕೂಡಿಸಿಟ್ಟಿದ್ದರು. ಲಾಸ್ ಏಂಜಲೀಸಿನ ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು ಅಂಥ 189 ಗಡ್ಡೆಗಳನ್ನು ಪರೀಕ್ಷಿಸಿದರು. ಸುಮಾರು 100ಕ್ಕೆ 30ರಲ್ಲಿ ಹರ್-2 ಎಂಬ ಒಂದು ಜೀನು ಲೆಕ್ಕಕ್ಕಿಂತ ಹೆಚ್ಚಾಗಿ ಬೆಳೆದಿತ್ತು. ದಾಖಲೆ ತೆರೆದು ನೋಡಿದರೆ ಆ ಹೆಂಗಸರಿಗೇ ರೋಗ ಬೇಗ ಮರುಕಳಿಸಿತ್ತು, ಅವರೇ ಬೇಗ ತೀರಿಕೊಂಡಿದ್ದರು. ಇದು 1987ರ ಮಾತು. ಆ ಜೀನಿನ ಕೆಲಸಕ್ಕೆ ತಡೆಹಾಕುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಇಂದು ನಮ್ಮ ಅಕ್ಕತಂಗಿಯರಿಗೆ ಸ್ತನದ ಗಡ್ಡೆಯಾದರೆ ಡಾಕ್ಟರರು ಹರ್-2 ಪರೀಕ್ಷೆ ಬರೆಯುವುದು ಈ ಕಾರಣಕ್ಕೆ. ಗಡ್ಡೆ ಕೊಟ್ಟವರಲ್ಲಿ ಎಷ್ಟೋ ಮಂದಿ ಆ ಔಷಧ ನೋಡಲು ಉಳಿದಿರಲಿಲ್ಲ.

ಅದು ಪರದೇಶದ ಮಾತಾಯಿತು. ನಮ್ಮ ಗಂಡಸರಲ್ಲಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಕೆನ್ನೆಯೊಳಗೆ ಒತ್ತಿದ ತಂಬಾಕು ಏನು ಮಾಡುತ್ತದೆಂಬುದನ್ನು ಗಿರಣಿಯಲ್ಲಿ ದುಡಿದ ಹಿರಿಯರೂ ಬಲ್ಲರು, ಭಟ್ಟಿಯ ಮುಂದೆ ನಿಂತ ನಾವೂ ಬಲ್ಲೆವು. ಆ ಕೆನ್ನೆ-ವಸಡಿನ ಕ್ಯಾನ್ಸರಿನ ಜೀನುಗಳನ್ನು ನಮ್ಮ ದೇಶದ 110 ರೋಗಿಗಳ ಅಂಗಾಂಶದಲ್ಲಿ ಹುಡುಕಿ 2013ರಲ್ಲಿ ಪ್ರಕಟಿಸಿದವರು ಬಂಗಾಳದ ಕಲ್ಯಾಣಿಯ ಸಂಸ್ಥೆಯವರು ಮತ್ತು ಖಾರ್ಘರಿನಲ್ಲಿರುವ ಟಾಟಾ ಸಂಶೋಧನಾ ಕೇಂದ್ರದವರು. ಈ ರೋಗದಲ್ಲಿ ಪಾತ್ರವಿದೆಯೆಂದು ಹಿಂದೆ ಗೊತ್ತಿರದ ಜೀನುಗಳೂ ಸಿಕ್ಕವು. ಮರುದಿನವೇ ಔಷಧ ಬಂತೆಂದಲ್ಲ. ಆದರೆ ಕಳ್ಳನ ಗುರುತು ಸಿಗದೆ ಹಿಡಿಯುವುದು ಹೇಗೆ? ಮದ್ರಾಸಿನ ಐಐಟಿಯವರೂ ರಾಷ್ಟ್ರೀಯ ಕ್ಯಾನ್ಸರ್ ಟಿಶ್ಯೂ ಬ್ಯಾಂಕು ನಡೆಸುತ್ತಿದ್ದಾರೆ. 480 ಸ್ತನ ಕ್ಯಾನ್ಸರ್ ರೋಗಿಗಳ ಜೀನುಗಳ ವಿವರವನ್ನು ಅವರು 2025ರಲ್ಲಿ ಎಲ್ಲ ಸಂಶೋಧಕರಿಗೂ ತೆರೆದಿಟ್ಟರು. ಗಿರಣಿಗಳ ನಡುವೆ 1941ರಲ್ಲಿ ಬಾಗಿಲು ತೆರೆದ ಪರೇಲಿನ ಟಾಟಾ ಆಸ್ಪತ್ರೆಯಲ್ಲಿಯೂ ಇಂಥ ಭಂಡಾರವಿದೆ.

ಹಾಗಾದರೆ ಕಣ್ಣು ಮುಚ್ಚಿ ಸಹಿ ಹಾಕಿ ಎನ್ನುತ್ತೇವೆಯೇ? ಇಲ್ಲ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಕತೆ ಕೇಳಿ. ತಂಬಾಕಿನ ಹೊಲದಲ್ಲಿ ದುಡಿದು ಬೆಳೆದ ಕಪ್ಪು ಜನಾಂಗದವಳು. 1951ರಲ್ಲಿ ಅಮೇರಿಕದ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಅವಳ ಗರ್ಭಕೊರಳಿನ ಗಡ್ಡೆಯ ಚೂರನ್ನು ಕೇಳದೆಯೇ ತೆಗೆದರು. ಅವಳು ಅದೇ ವರ್ಷ 31ರ ಪ್ರಾಯದಲ್ಲಿ ತೀರಿಕೊಂಡಳು. ಆ ಜೀವಕೋಶಗಳು ಮಾತ್ರ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವೇ ನೆರವಾದವು. ಅವಳ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿಯೇ ಇರಲಿಲ್ಲ. ಆ ಕೋಶಗಳಿಂದ ಲಾಭ ಪಡೆದ ಒಂದು ಕಂಪೆನಿ ಆ ಕುಟುಂಬದೊಡನೆ ರಾಜಿಗೆ ಬಂದದ್ದು 2023ರಲ್ಲಿ! ದುಡಿದವನ ಬೆವರಿಗೆ ಲೆಕ್ಕ ಕೇಳುವ ನಾವು ಇದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನಿಯಮಾವಳಿ ಇದೆ. ಅದರ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಬೇಕು. ಓದಲು ಬಾರದವನಾದರೆ ಆಸ್ಪತ್ರೆಗೆ ಸೇರದ ಒಬ್ಬ ಸಾಕ್ಷಿ ಎದುರಿಗಿರಬೇಕು. ಬೇಡವೆಂದರೆ ಚಿಕಿತ್ಸೆಗೆ ಬಾಧಕವಿಲ್ಲ, ಕೊಟ್ಟ ಒಪ್ಪಿಗೆಯನ್ನು ಹಿಂದೆಗೆಯಲೂಬಹುದು. ಯಾವ ಕೆಲಸಕ್ಕೆ, ಎಷ್ಟು ವರ್ಷ, ಬೇರೆಯವರಿಗೆ ಕೊಡುವಿರಾ, ನಮ್ಮ ಹೆಸರು ಹೊರಗೆ ಹೋಗುವುದೇ ಎಂದು ಧೈರ್ಯವಾಗಿ ಕೇಳಿ. ಹೇಳುವುದು ಅವರ ಕರ್ತವ್ಯ. ಉತ್ತರ ಸಮಾಧಾನವಾದರೆ ಕೊಡಿ ಎಂಬುದೇ ನಮ್ಮ ಸಲಹೆ. ಗಡ್ಡೆ ಹೇಗೂ ಮನೆಗೆ ತರುವ ವಸ್ತುವಲ್ಲ.

ತೊಡಕಿರುವುದು ಭಾಷೆಯಲ್ಲಿ. ಕಾಗದ ಮರಾಠಿಯಲ್ಲಿ, ಹಿಂದಿಯಲ್ಲಿ ಇರುತ್ತದೆ. ನಿನ್ನೆ ಮೊನ್ನೆ ಊರಿಂದ ಬಂದ ಮುದುಕಮ್ಮನಿಗೆ ಕನ್ನಡವೊಂದೇ ಗೊತ್ತು. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ. ಮೂರು ಭಾಷೆ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಗೆ ಮೊದಲು ಎರಡು ಗಂಟೆ ಬಿಡುವಿರುತ್ತದೆ. ವಾರಕ್ಕೊಂದು ಮಧ್ಯಾಹ್ನ ಆಸ್ಪತ್ರೆಗೆ ಬಂದು ಕಾಗದ ಓದಿ ಹೇಳಬಲ್ಲವರು, ಸಾಕ್ಷಿಯಾಗಿ ನಿಲ್ಲಬಲ್ಲವರು, ಈ ಸಭೆ ಮುಗಿದ ಕೂಡಲೆ ಕಾರ್ಯದರ್ಶಿಗಳ ಮೇಜಿನ ಬಳಿ ಹೆಸರು ಬರೆಸಿರಿ. ಹೆಂಗಸರ ವಾರ್ಡಿಗೆ ಹೆಂಗಸರೇ ಬೇಕು. ಅವರ ಹೆಸರಿಗೆ ಬೇರೆ ಪುಸ್ತಕವಿಟ್ಟಿದ್ದೇವೆ.