ಹೊಸೈರಿ ಬಟ್ಟೆಗೆ ಲಾಡಿ ತೂತು: ಕೈಹೊಲಿಗೆಯಲ್ಲಿ ಗಟ್ಟಿ ಮಾಡೋದು ಹೇಗೆ?

ವಾಶಿಯಿಂದ ಮಾತಾಡ್ತಾ ಇದ್ದೀನಿ. ಇವತ್ತು ಕೋಡ್‌ಗೆ ರಜಾ, ಸೂಜಿ-ದಾರದ ವಿಷಯ.

ಟ್ರ್ಯಾಕ್ ಪ್ಯಾಂಟು, ಹೂಡಿ (ಐಟಿಪಿಎಲ್ ಪಕ್ಕದ ಹೂಡಿ ಅಲ್ಲ, ಟೋಪಿ ಇರೋ ಅಂಗಿ), ವರ್ಕ್ ಫ್ರಮ್ ಹೋಮ್ ಬಂದಮೇಲೆ ನಮ್ಮ ಯೂನಿಫಾರ್ಮೇ ಇವು. ಇವುಗಳಲ್ಲಿ ಮೊದಲು ಹಾಳಾಗೋದು ಲಾಡಿ ಹೊರಗೆ ಬರೋ ತೂತು. ಬಟ್ಟೆ ಚೆನ್ನಾಗೇ ಇರುತ್ತೆ, ತೂತು ಬಾಯಿ ಬಿಟ್ಟಿರುತ್ತೆ. ಆಲ್ಟರೇಶನ್ ಅಂಗಡಿಗೆ ಒಯ್ದರೆ "ಯೇ ಹೊಸೈರೀ ಹೈ, ಕಾಜ್ ನಹೀ ಹೋಗಾ" ಅಂತ ವಾಪಸ್ ಕೊಡ್ತಾರೆ. ಅಂದಹಾಗೆ, ಕಾಜಾ ಇಲ್ಲಿಯೂ ಕಾಜವೇ, ಆದ್ರೆ ಲಾಡಿ ಕೇಳಿದರೆ ಮುಖ ನೋಡ್ತಾರೆ, ನಾಡಾ ಅನ್ನಬೇಕು.

ಅಂಗಡಿಯವರು ಹೇಳೋದರಲ್ಲಿ ಅರ್ಥ ಇದೆ. ಶರ್ಟಿನ ಪಾಪ್ಲಿನ್‌ನಲ್ಲಿ ಹಾಸು-ಹೊಕ್ಕು ಎಳೆಗಳು ಒಂದನ್ನೊಂದು ಅದುಮಿ ಹಿಡಿದಿರುತ್ತವೆ. ಹೊಸೈರಿಯಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆ ಹಾಕ್ಕೊಂಡು ಸಾಗುತ್ತೆ. ನಮ್ಮ ಭಾಷೆಯಲ್ಲಿ ಲಿಂಕ್ಡ್ ಲಿಸ್ಟ್: ಒಂದು ಪಾಯಿಂಟರ್ ಕಳೆದರೆ ಮುಂದಿನದ್ದೆಲ್ಲ ಹೋಯ್ತು. ಕತ್ತರಿ ತಾಗಿದ ಕಡೆಯಿಂದ ಏಣಿಯ ಹಾಗೆ ಬಿಚ್ಚಿಕೊಳ್ಳುತ್ತೆ.

ಹಾಗಾಗಿ ದಾರ ಎಷ್ಟು ಸುತ್ತಿದಿರಿ ಅನ್ನೋದಕ್ಕಿಂತ ಹಿಂದೆ ಏನು ಇಟ್ಟಿರಿ ಅನ್ನೋದೇ ಮುಖ್ಯ. ಹಳೇ ಕಾಟನ್ ಶರ್ಟಿನಿಂದ ಸುಮಾರು 3 ಸೆಂ.ಮೀ. ಚೌಕದ ತುಂಡು ತಗೊಳ್ಳಿ. ಸೊಂಟದ ಪಟ್ಟಿಯ ಹೊಲಿಗೆ ನಾಲ್ಕು ಬೆರಳಷ್ಟು ಬಿಚ್ಚಿ, ಹೊರಪದರದ ಒಳಮೈಗೆ ಅದನ್ನಿಟ್ಟು ಕಚ್ಚಾ ಹೊಲಿಗೆ ಹಾಕಿ. ಬಿಚ್ಚೋಕೆ ಸೋಮಾರಿತನ ಮಾಡಿ ಎರಡೂ ಪದರ ಸೇರಿಸಿ ಹೊಲಿದರೆ ಲಾಡಿಗೆ ದಾರಿಯೇ ಇರಲ್ಲ! ಬಟ್ಟೆಯನ್ನ ಎಳೆದು ಹಿಡೀಬೇಡಿ, ಮೇಜಿನ ಮೇಲೆ ಹರಡಿ. ತೂತಿನ ಅಳತೆಗೆ ವೃತ್ತ ಬರೆದು, ಅದರ ಸುತ್ತ ಸಣ್ಣ ಸಾದಾ ಹೊಲಿಗೆ.

ಆಮೇಲೆ ತೂತು. ಲಾಡಿ ತೆಳುವಾಗಿದ್ದರೆ ಕತ್ತರಿಸಲೇಬೇಡಿ, ದಬ್ಬಳ ತೂರಿಸಿ ಎಳೆಗಳನ್ನ ಪಕ್ಕಕ್ಕೆ ಸರಿಸಿ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಲೋಹದ ಐಲೆಟ್ ಬರೋ ತನಕ, ದಾರ ಬಿಗಿಯೋ ಉಡುಪುಗಳ ತೂತುಗಳನ್ನ ಹೀಗೇ ಮಾಡ್ತಿದ್ದರು. ಮೊದಲೇ ಬಾಯಿ ಬಿಟ್ಟ ತೂತಾದರೆ, ಬಿಡಿಯಾದ ಕುಣಿಕೆಗಳನ್ನ ಮೊದಲು ಆ ತುಂಡಿಗೆ ಹೊಲಿದು ಹಿಡಿಸಿ.

ಪಾಲಿಯೆಸ್ಟರ್ ದಾರ ಎರಡೆಳೆ, ಮೇಣದಬತ್ತಿಗೆ ಒಮ್ಮೆ ಉಜ್ಜಿ. ಸೂಜಿ ತೂತಿನೊಳಗೆ ಇಳಿದು, ಅಂಚಿನಿಂದ 2-3 ಮಿ.ಮೀ. ಆಚೆ ಮೇಲೆ ಬರಬೇಕು. ಸುತ್ತಲೂ ಒತ್ತೊತ್ತಾಗಿ. ಎಲ್ಲ ಹೊಲಿಗೆಯೂ ಒಂದೇ ದೂರದಲ್ಲಿದ್ದರೆ ಆ ಗೆರೆಯಲ್ಲೇ ಹರಿಯುತ್ತೆ, ಅದಕ್ಕೆ ಒಂದು ಉದ್ದ, ಒಂದು ಗಿಡ್ಡ. ವಾಶಿಯಿಂದ ಲೋಕಲ್ ಕುರ್ಲಾ ಮುಟ್ಟುವಷ್ಟು ಹೊತ್ತಲ್ಲಿ ಒಂದು ತೂತು ಮುಗಿಯುತ್ತೆ. ಲೋಹದ ಐಲೆಟ್ ಬೇಕಿದ್ದರೂ ಆಗಬಹುದು, ಆದ್ರೆ ಹಿಂದೆ ತುಂಡಿಲ್ಲದಿದ್ದರೆ ಬಟ್ಟೆ ಹಿಗ್ಗಿದಾಗ ಕಿತ್ತು ಬರುತ್ತೆ.

ಈಗ ನಿಜವಾಗಿ ಹೇಳಬೇಕಾದ ಮಾತು. ಮಕ್ಕಳ ಹೂಡಿಯ ಟೋಪಿಗೆ, ಕತ್ತಿಗೆ ಈ ಕೆಲಸ ಮಾಡಲೇಬೇಡಿ. ಲಾಡಿಯ ಗಂಟು ಜಾರುಬಂಡೆಯ ಸಂದಿಗೆ ಸಿಕ್ಕಿ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. ಸೊಂಟದ ಲಾಡಿ ಸ್ಕೂಲ್ ಬಸ್ಸಿನ ಬಾಗಿಲಿಗೆ ಸಿಕ್ಕ ಪ್ರಕರಣಗಳೂ ಇವೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲೇ, 12ರ ಸೈಜಿನವರೆಗಿನ ಮಕ್ಕಳ ಜಾಕೆಟ್, ಹೂಡಿಗಳಲ್ಲಿ ಟೋಪಿ-ಕತ್ತಿನ ಲಾಡಿ ಬೇಡ ಅಂದಿತು. ಯುರೋಪಿನ ಇಎನ್ 14682 ಮಾನದಂಡವೂ ಪುಟ್ಟ ಮಕ್ಕಳಿಗೆ ಅದನ್ನ ಒಪ್ಪಲ್ಲ. ದುರ್ಬಲ ತೂತಾದರೆ ಹರಿದು ಬಿಟ್ಟೀತು. ನಾವು ಗಟ್ಟಿ ಮಾಡಿದ್ದು ಬಿಡಲ್ಲ!

ನನ್ನ ಮಗಳ ಹೂಡಿಯಿಂದ ಲಾಡಿ ಎಳೆದು ಹಾಕಿ, ಎರಡೂ ತೂತು ಹೊಲಿದು ಮುಚ್ಚಿದ್ದೀನಿ. ಪ್ಯಾಂಟಿನ ಲಾಡಿಯನ್ನ ಬೆನ್ನ ಕಡೆ ನಡುಮಧ್ಯದಲ್ಲಿ ಪಟ್ಟಿಗೇ ಸೇರಿಸಿ ಹೊಲಿದಿದ್ದೀನಿ, ಒಂದು ಕಡೆ ಎಳೆದರೆ ಉದ್ದ ಬರಲ್ಲ. ದೊಡ್ಡವರ ಪ್ಯಾಂಟಿಗೂ ಹಾಗೇ ಮಾಡಿ. ವಾಷಿಂಗ್ ಮಷೀನಿನಲ್ಲಿ ಲಾಡಿ ಒಳಗೆ ಹೋಗಿ, ಪಿನ್ನು ಹಾಕಿ ಹುಡುಕೋ ಪಾಡೂ ತಪ್ಪುತ್ತೆ.